ಮೈಸೂರು ಸುತ್ತ ಇಬ್ಬರೇ ಹೋಗಿ ಬೆಳಗ್ಗೆ ಹತ್ತರೊಳಗೆ ವಾಪಸ್ ಬರೋ ಜಾಗ ಹೇಳಿ (ಯುಗಾದಿ ಆಸುಪಾಸು)

ಒಗ್ಗರಣೆ_ಡಬ್ಬಿ:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಮನೆ ರಾಮಕೃಷ್ಣನಗರದ ಕಡೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ನಮ್ಮವರಿಗೆ ಪಾಳಿ ಬೇರೆ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಭಾನುವಾರ ಬೆಳಗ್ಗೆ ಮಾತ್ರ. ಮಧ್ಯಾಹ್ನ ಅತ್ತೆ ಮಾವನ ಮನೆ, ಬಟ್ಟೆ ಇಸ್ತ್ರಿ, ವಾರದ ತರಕಾರಿ ಇದ್ದದ್ದೇ. ಸಂಜೆ ಮಾಲ್‌ಗೆ ಹೋಗಿ ಸುಮ್ನೆ ಮೇಲೆ ಕೆಳಗೆ ಓಡಾಡಿ ಐಸ್‌ಕ್ರೀಂ ತಿಂದು ಬರುವುದು ಸಾಕಾಗಿಹೋಗಿದೆ.

ಈಗ ಮರಗಳೆಲ್ಲ ಚಿಗುರುವ ಹೊತ್ತು. ಮುಂದಿನ ಒಂದೆರಡು ತಿಂಗಳು ಭಾನುವಾರ ಬೆಳಗ್ಗೆ ಹೊರಗೆ ಹೋಗೋಣ ಅಂತ ನನ್ನ ಆಸೆ. ಮೂವತ್ತು ನಲವತ್ತು ಕಿಲೋಮೀಟರ್ ಒಳಗಿರಬೇಕು. ಸ್ಕೂಟರ್ ಇದೆ, ಕಾರಿಲ್ಲ. ಬಿಸಿಲು ಏರುವ ಮೊದಲು ಮನೆ ಸೇರಬೇಕು. ದೇವಸ್ಥಾನದ ಕ್ಯೂ ಬೇಡ. ಸದ್ದುಗದ್ದಲ ಬೇಡ. ಎಲ್ಲಿಗೆ ಹೋಗಬಹುದು?

ಇನ್ನೊಂದು ಮಾತು. ನಮ್ಮವರು ಏಳುವುದೇ ಇಲ್ಲ. ಅದಕ್ಕೂ ಉಪಾಯ ಇದ್ದರೆ ಹೇಳಿ.

ಕೆರೆ_ಏರಿ:
ರಾಮಕೃಷ್ಣನಗರದಲ್ಲಿ ಮನೆ ಇಟ್ಟುಕೊಂಡು ಲಿಂಗಾಂಬುಧಿ ಕೆರೆ ಬಿಟ್ಟು ಬೇರೆ ಜಾಗ ಕೇಳುತ್ತಿದ್ದೀರಲ್ಲ ಮೇಡಂ! ಚಪ್ಪಲಿ ಹಾಕಿಕೊಂಡು ಹೊರಟರೆ ಸಾಕು. ಸ್ಕೂಟರೂ ಬೇಡ.

ಒಗ್ಗರಣೆ_ಡಬ್ಬಿ:
ಅಲ್ಲಿ ವಾಕಿಂಗ್ ಬರುವವರೆಲ್ಲ ಪರಿಚಯದವರು ಸರ್. ಎರಡು ಹೆಜ್ಜೆಗೆ ಒಬ್ಬರು ನಿಲ್ಲಿಸಿ "ಏನಮ್ಮಾ, ಅತ್ತೆ ಹೇಗಿದ್ದಾರೆ" ಅಂತಾರೆ. ಅದು ಹೊರಗೆ ಹೋದ ಹಾಗೆಯೇ ಅನಿಸುವುದಿಲ್ಲ.

ಕೆರೆ_ಏರಿ:
ನಿಜ, ಒಪ್ಪಿದೆ 😀 ಆದರೂ ಆ ಕೆರೆಯನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿ ನೆನಪಿಗೆ ಕಟ್ಟಿಸಿದ್ದು. ಗಂಡ ಹೆಂಡತಿ ಸುತ್ತಾಡುವುದಕ್ಕೆ ಇದಕ್ಕಿಂತ ಒಳ್ಳೆ ಹಿನ್ನೆಲೆ ಇರುವ ಕೆರೆ ಎಲ್ಲಿ ಸಿಗುತ್ತದೆ ಹೇಳಿ.

ಮಜ್ಜಿಗೆ_ಮೆಣಸು:
ಕುಕ್ಕರಹಳ್ಳಿ ಕೆರೆ. ಬೇರೆ ಮಾತೇ ಇಲ್ಲ. ಒಂದು ಸುತ್ತು ಬಂದು ಕಲ್ಲುಬೆಂಚಿನ ಮೇಲೆ ಕೂತು ಹೆಜ್ಜಾರ್ಲೆ (ಪೆಲಿಕನ್) ನೋಡಿ. ಅಷ್ಟು ದಪ್ಪ ಹಕ್ಕಿ ನೀರಿನ ಮೇಲೆ ಅದು ಹೇಗೆ ಅಷ್ಟು ನಿಧಾನವಾಗಿ ತೇಲುತ್ತದೋ. ಇದೂ ಮುಮ್ಮಡಿಯವರ ಕಾಲದ್ದೇ, 1864.

ಹಳೇ_ಸೈಕಲ್:
ಎಲ್ಲರೂ ಕೆರೆ ಕೆರೆ ಅನ್ನುತ್ತಿದ್ದೀರಿ. ಬೆಟ್ಟ ಹತ್ತಲಿ! ಚಾಮುಂಡಿ ಬೆಟ್ಟ, ಮೆಟ್ಟಿಲ ದಾರಿ. ಹರೆಯದವರು, ಅರ್ಧ ಮುಕ್ಕಾಲು ಗಂಟೆಯಲ್ಲಿ ಮೇಲಿರುತ್ತಾರೆ. ಬೇಕಾದರೆ ದೊಡ್ಡ ಬಸವನ ಹತ್ತಿರ ಕೂತು ಅಲ್ಲಿಂದಲೇ ವಾಪಸ್ ಇಳಿಯಬಹುದು, ಕ್ಯೂ ತಂಟೆಯಿಲ್ಲ. ಊರೆಲ್ಲ ಕಾಲ ಕೆಳಗೆ ಕಾಣುತ್ತದೆ. 700ನೇ ಮೆಟ್ಟಿಲ ಹತ್ತಿರ ಬಸವ ಸಿಗುತ್ತಾನೆ. ಒಟ್ಟು 1008 ಮೆಟ್ಟಿಲು.

ಲೆಕ್ಕದ_ಮೇಷ್ಟ್ರು:
1008 ಅಲ್ಲ, ಸಾವಿರ ಚಿಲ್ಲರೆ. ಎಣಿಸಿದವರೆಲ್ಲ ಒಂದೊಂದು ಲೆಕ್ಕ ಹೇಳುತ್ತಾರೆ.

ಹಳೇ_ಸೈಕಲ್:
ನೀವು ಎಷ್ಟು ಎಣಿಸಿದಿರಿ?

ಲೆಕ್ಕದ_ಮೇಷ್ಟ್ರು:
ಪ್ರತಿ ಸಲ ಬಸವನವರೆಗೆ ಸರಿಯಾಗಿ ಬರುತ್ತೇನೆ. ಆಮೇಲೆ ಯಾರೋ ಮಾತಾಡಿಸುತ್ತಾರೆ, ಲೆಕ್ಕ ತಪ್ಪುತ್ತದೆ.

ಹಸಿರು_ಬಳೆ:
ಮೇಡಂ, ಬೆಟ್ಟಕ್ಕೆ ಹೋದರೆ ಬೆಳಕು ಹರಿದ ಮೇಲೆಯೇ ಹತ್ತಿ. ಆ ಕಾಡಲ್ಲಿ ಚಿರತೆ ಇವೆ. ಆಮೇಲೆ ಕೈಯಲ್ಲಿ ತಿಂಡಿ ಕವರ್ ಹಿಡಿದುಕೊಂಡು ಹೋಗಬೇಡಿ. ಕೋತಿಗಳು ಕವರ್ ಸದ್ದು ಕೇಳಿದರೆ ಸಾಕು, ಬಂದೇಬಿಡುತ್ತವೆ. ನಮ್ಮ ಯಜಮಾನರ ಕೈಯಿಂದ ಬಾಳೆಹಣ್ಣಿನ ಜೊತೆ ಕನ್ನಡಕವೂ ಹೋಯಿತು.

ಪಾಳಿ_ಮುಗಿದವ:
ನಮಸ್ಕಾರ. ಮೇಲೆ "ಏಳುವುದೇ ಇಲ್ಲ" ಅಂತ ದೂರು ಕೊಟ್ಟಿದ್ದಾರಲ್ಲ, ಆ ಆರೋಪಿ ನಾನೇ. ಸ್ಪಷ್ಟನೆ ಕೊಡಬೇಕಿದೆ. ನಾನು ಆರಕ್ಕೆ ಏಳುತ್ತೇನೆ. ಎದ್ದು ರೆಡಿಯಾಗಿ ಹೆಲ್ಮೆಟ್ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತೇನೆ. ಒಳಗಿಂದ "ಬಂದೆ, ಎರಡೇ ನಿಮಿಷ" ಅಂತ ಮುಕ್ಕಾಲು ಗಂಟೆ ಕೇಳಿಸುತ್ತದೆ. ಆಮೇಲೆ ಬಿಸಿಲು.

ಒಗ್ಗರಣೆ_ಡಬ್ಬಿ:
ರೀ, ಆ ಮುಕ್ಕಾಲು ಗಂಟೆ ನಿಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿರುತ್ತೇನೆ.

ಮಜ್ಜಿಗೆ_ಮೆಣಸು:
ಪಾಪ್‌ಕಾರ್ನ್ ತರುತ್ತೇನೆ, ಇಬ್ಬರೂ ಹೀಗೇ ಮುಂದುವರಿಸಿ 🍿

ರಂಗನತಿಟ್ಟು_ರಸಿಕ:
ಜಗಳ ಆಮೇಲೆ. ಮಾರ್ಚ್ ಏಪ್ರಿಲ್‌ನಲ್ಲಿ ಮೈಸೂರಲ್ಲಿದ್ದುಕೊಂಡು ರಂಗನತಿಟ್ಟಿಗೆ ಹೋಗದಿದ್ದರೆ ಏನು ಹೇಳಬೇಕು. ಶ್ರೀರಂಗಪಟ್ಟಣದ ಹತ್ತಿರ, ನಿಮಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಅಷ್ಟೇ. ಗೂಡಿನಲ್ಲಿ ಮರಿ ಇರುವ ಕಾಲ ಇದು.

ಗೇಟು ತೆಗೆದ ಕೂಡಲೇ ಹೋಗಿ, ಮೊದಲ ದೋಣಿ ಹಿಡಿಯಿರಿ. ಯಾಕೆ ಗೊತ್ತಾ? ಆಗ ದೋಣಿಯಲ್ಲಿ ಚೀರಾಡುವವರು ಕಡಿಮೆ, ಅಂಬಿಗನೂ ಹುರುಪಿನಲ್ಲಿರುತ್ತಾನೆ. ಗೂಡಿನ ಹತ್ತಿರ ಹುಟ್ಟು ನಿಲ್ಲಿಸಿ ದೋಣಿಯನ್ನು ಹಾಗೇ ತೇಲಲು ಬಿಡುತ್ತಾನೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ನೋಡಿ, ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಸಂದು ಇರುತ್ತದೆ. ಬಸವನಹುಳು ತಿನ್ನುವ ಹಕ್ಕಿ ಅದು. ಹೊಳೆಯಿಂದ ಹುಳು ತಂದು ಗೂಡಿನಲ್ಲಿ ಕಕ್ಕುತ್ತದೆ, ಮರಿಗಳು ಮುಗಿಬೀಳುತ್ತವೆ. ಬಿಸಿಲು ಏರಿತು ಅನ್ನಿ, ತಾಯಿ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆ ಅಗಲಿಸಿ ನಿಂತುಬಿಡುತ್ತದೆ. ಮರಿಗಳು ಆ ನೆರಳೊಳಗೆ ನುಸುಳಿ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿರುತ್ತವೆ. ಸೂರ್ಯ ಸರಿದ ಹಾಗೆ ತಾಯಿಯೂ ತಿರುಗುತ್ತದೆ. ದುರ್ಬೀನು ಬೇಡ, ಬರಿಗಣ್ಣಿಗೇ ಕಾಣುತ್ತದೆ.

ಬಂಡೆ ಮೇಲೆ ಮೊಸಳೆ ಮಲಗಿರುತ್ತದೆ. ದೋಣಿಯಿಂದ ಕೈ ಹೊರಗೆ ಹಾಕಬೇಡಿ.

ಕೆರೆ_ಏರಿ:
ಅದು ಹಕ್ಕಿಧಾಮ ಆಗಿದ್ದು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಅಂದಿನ ಮೈಸೂರು ಸರ್ಕಾರಕ್ಕೆ ಹೇಳಿದ ಮೇಲೆ. 2022ರಲ್ಲಿ ರಾಮ್ಸರ್ ತಾಣವೂ (ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಆದರೆ ಆ ನಡುಗಡ್ಡೆಗಳು ಉಳಿದಿರುವುದು ಒಡೆಯರ ಕಾಲದ ಹಳೆಯ ಕಟ್ಟೆಯಿಂದ. ಅದು ಕಾವೇರಿ ನೀರನ್ನು ತಡೆದು ನಿಲ್ಲಿಸಿದ್ದಕ್ಕೇ ಹಕ್ಕಿಗೆ ದ್ವೀಪ ಸಿಕ್ಕಿದ್ದು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ಬಂದ್. ಹಾಗಾಗಿ ಈಗಲೇ ಹೋಗುವುದು ವಾಸಿ.

ಮಿನಿಟ್ರಕ್:
ಸ್ಕೂಟರಲ್ಲಿ ಹೋಗುವವರಿಗೆ ಒಂದು ಮಾತು. ಬೆಂಗಳೂರು ಮೈಸೂರು ಹೊಸ ಹೈವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆ ಹಿಡಿಯಿರಿ. ಸುಮ್ನೆ ದಂಡ ಕಟ್ಟಬೇಡಿ.

ತಬೂಬಿಯಾ_ಫ್ಯಾನ್:
ಬೆಂಗಳೂರಿಗೆ ಬನ್ನಿ ಸ್ವಾಮಿ! ಫೆಬ್ರವರಿ ಮಾರ್ಚ್‌ನಲ್ಲಿ ತಬೂಬಿಯಾ ಮರ ಅರಳಿ ರಸ್ತೆಗೆ ರಸ್ತೆಯೇ ಗುಲಾಬಿ ಬಣ್ಣ. ಜೋಡಿಗಳಿಗೆ ಫೋಟೊ ತೆಗೆಸಿಕೊಳ್ಳಲು ಅದಕ್ಕಿಂತ ಜಾಗ ಬೇಕಾ?

ಹೊಂಗೆ_ಮರ:
ಅವರು ಕೇಳಿದ್ದು ಮನೆ ಹತ್ತಿರದ ಜಾಗ, ನೀವು 140 ಕಿಲೋಮೀಟರ್ ಓಡಿಸುತ್ತಿದ್ದೀರಿ. ಅದಲ್ಲದೆ ತಬೂಬಿಯಾ ದಕ್ಷಿಣ ಅಮೆರಿಕದ ಕಡೆಯ ಮರ. ನಮ್ಮ ಮರ ನೋಡಬೇಕಾ? ಈಗ ಯಾವುದಾದರೂ ಹೊಂಗೆ ಮರದ ಕೆಳಗೆ ನಿಲ್ಲಿ. ಹಳೇ ಎಲೆ ಉದುರಿ, ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆಹಸಿರು ಬಂದಿರುತ್ತದೆ. ಬೇರೆ ಮರಗಳೆಲ್ಲ ಬೋಳಾಗಿರುವ ಹೊತ್ತಿಗೆ ಇದು ನೆರಳು ಕಟ್ಟುತ್ತದೆ. ಹೂ ಬಿಟ್ಟರೆ ನೆಲವೆಲ್ಲ ತಿಳಿನೇರಳೆ, ಕಾಲಿಟ್ಟರೆ ಚರಚರ ಅನ್ನುತ್ತದೆ, ಮೇಲೆ ಜೇನಿನ ಗುಂಯ್. ಫೋಟೊದಲ್ಲಿ ಇದೇನೂ ಬರುವುದಿಲ್ಲ, ಅದಕ್ಕೇ ಯಾರಿಗೂ ಬೇಡ.

ತಬೂಬಿಯಾ_ಫ್ಯಾನ್:
ಗುಲ್‌ಮೊಹರ್ ಕೂಡ ಮಡಗಾಸ್ಕರ್‌ನದ್ದೇ. ಮೈಸೂರಿನ ರಸ್ತೆಯಿಂದ ಅದನ್ನೂ ಕೀಳಿಸುತ್ತೀರಾ?

ಹೊಂಗೆ_ಮರ:
ಕೀಳಿ ಅಂತ ನಾನೆಲ್ಲಿ ಅಂದೆ? ಮುತ್ತುಗ, ಬೂರುಗ, ಹೊಂಗೆ, ಕಕ್ಕೆ ಇವುಗಳನ್ನೂ ಒಮ್ಮೆ ತಲೆ ಎತ್ತಿ ನೋಡಿ ಅಂದೆ ಅಷ್ಟೇ.

ಬಿಸಿಲುನಾಡು:
ಕಲಬುರಗಿಯಿಂದ. ವಸಂತ, ಚಿಗುರು, ಜೋಡಿ... ನಿಮ್ಮ ಪುಣ್ಯ. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ನಾವಿಬ್ಬರೂ ಹೊರಗೆ ಹೋಗುವ ಜಾಗ ಒಂದೇ, ರಾತ್ರಿ ಮಾಳಿಗೆ ಮೇಲೆ. ಹಾಸಿಗೆ, ಒಂದು ತಂಬಿಗೆ ನೀರು, ಆಕಾಶ. ಖರ್ಚೂ ಇಲ್ಲ.

ಹಸಿರು_ಬಳೆ:
ಇದು ಎಲ್ಲಕ್ಕಿಂತ ಚೆನ್ನಾಗಿದೆ ನೋಡಿ 👌

ಮಳೆ_ಕಣ್ಣು:
ಸಕಲೇಶಪುರದ ಕಡೆಯವರು ನಾವು. ಇಲ್ಲಿ ಈ ಕಾಲಕ್ಕೆ ಒಂದು ಹೂಮಳೆ ಬಂದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬಿಳಿ. ಮಲ್ಲಿಗೆ ತರಹದ ಘಮ, ಬೆಳಗ್ಗೆ ಮನೆ ಬಾಗಿಲು ತೆಗೆದರೆ ಒಳಗೇ ಬಂದುಬಿಡುತ್ತದೆ. ಮೂರು ನಾಲ್ಕು ದಿನ, ಮುಗಿಯಿತು. ಇದನ್ನು ನೋಡಲು ಊರಿಂದ ಪ್ಲಾನ್ ಮಾಡಿ ಬರುವವರಿಗೆ ಸಿಗುವುದಿಲ್ಲ. ಮಳೆ ಯಾವತ್ತು ಬರುತ್ತದೋ ಯಾರಿಗೆ ಗೊತ್ತು. ಈಗ ಸ್ಪ್ರಿಂಕ್ಲರ್ ಇಟ್ಟವರ ತೋಟದಲ್ಲಿ ಬೇಗ ಅರಳುತ್ತದೆ.

ಮಲೆನಾಡಿನ ಕಾಡೊಳಗೆ ಹೋಗುವ ಜೋಡಿಗಳಿಗೆ ಎಚ್ಚರಿಕೆ: ಶಿವಮೊಗ್ಗ, ಉತ್ತರ ಕನ್ನಡದ ಕೆಲವು ಕಡೆ ಮಂಗನ ಕಾಯಿಲೆಯ ಕಾಲ ಇದು. ಉಣುಗು ಕಚ್ಚಿ ಬರುವುದು. ತುಂಬುತೋಳಿನ ಬಟ್ಟೆ ಹಾಕಿ, ಎಲೆ ರಾಶಿ ಮೇಲೆ ಕೂರಬೇಡಿ. ಕೋತಿ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ಸಿಯಾಟಲ್_ಸಾಂಬಾರ್:
ಇಲ್ಲಿ ಮಾರ್ಚ್ ಕೊನೆಗೆ ವಿಶ್ವವಿದ್ಯಾಲಯದ ಅಂಗಳದಲ್ಲಿ ಚೆರ್ರಿ ಮರಗಳು ಅರಳುತ್ತವೆ. ನಾವಿಬ್ಬರೂ ಸ್ವೆಟರ್ ಹಾಕಿಕೊಂಡು ಹೋಗಿ ಜನಜಂಗುಳಿ ನೋಡಿ ಬರುತ್ತೇವೆ. ಹೂ ನೋಡಿದ್ದಕ್ಕಿಂತ ಬೇರೆಯವರ ತಲೆ ನೋಡಿದ್ದೇ ಜಾಸ್ತಿ.

ಹಳೇ_ಸೈಕಲ್:
ಅಷ್ಟು ದೂರ ಹೋಗಿಯೂ ದಸರಾ ನೋಡಿದ ಹಾಗಾಯಿತು ಬಿಡಿ.

ನೀಲಿ_ಛತ್ರಿ:
ಒಂದು ಗಂಭೀರ ವಿಷಯ ಎತ್ತುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೋದ ವರ್ಷ ನಾವಿಬ್ಬರೂ ಒಂದು ಉದ್ಯಾನದಲ್ಲಿ ಬೆಂಚಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದೆವು. ಕಾವಲುಗಾರ ಬಂದು "ಇವರು ನಿಮಗೆ ಏನಾಗಬೇಕು" ಅಂತ ಕೇಳಿದ. ನಾನು ತಾಳಿ ಹಾಕಿರಲಿಲ್ಲ, ಟೀ ಶರ್ಟ್‌ನಲ್ಲಿದ್ದೆ. ಮದುವೆಯಾಗಿದೆ ಅಂದರೂ "ಎಲ್ಲರೂ ಹಾಗೇ ಅಂತಾರೆ" ಅಂದ. ಚಟ್ನಿ ಹಿಡಿದ ಕೈ ಹಾಗೇ ನಿಂತಿತ್ತು. ನಮ್ಮವರಿಗೆ ಸಿಟ್ಟು ಬಂದು ಮಾತು ಬೆಳೆಯಿತು. ಅವತ್ತಿನಿಂದ ಹೊರಗೆ ಹೋಗುವುದು ಅಂದರೆ ಒಂದು ಥರಾ ಮುಜುಗರ. ಬೇರೆಯವರಿಗೂ ಹೀಗಾಗಿದೆಯಾ?

ಹಸಿರು_ಬಳೆ:
ಆಗಿದೆ. ನನ್ನ ತಮ್ಮನ ಜೊತೆ ಕೂತಾಗಲೂ ಆಗಿದೆ!

ಹಿರಿಯ_ನಾಗರಿಕ:
ಕಾವಲುಗಾರರದ್ದೂ ತಪ್ಪಲ್ಲ. ಉದ್ಯಾನಕ್ಕೆ ಮಕ್ಕಳು, ಕುಟುಂಬಸ್ಥರು ಬರುತ್ತಾರೆ. ಕೆಲವು ಜೋಡಿಗಳು ಹೇಗೆ ಕೂತಿರುತ್ತಾರೆ ಅಂತ ನೀವೇ ನೋಡಿದ್ದೀರಿ.

ನೀಲಿ_ಛತ್ರಿ:
ನಾವು ಇಡ್ಲಿ ತಿನ್ನುತ್ತಿದ್ದೆವು ಸರ್.

ಮಿನಿಟ್ರಕ್:
ಅಸಭ್ಯವಾಗಿ ವರ್ತಿಸಿದರೆ ಪೊಲೀಸಿಗೆ ಹೇಳಲಿ, ಅದಕ್ಕೆ ಕಾನೂನು ಇದೆ. ಸುಮ್ಮನೆ ಕೂತವರನ್ನು ಮದುವೆ ಆಗಿದೆಯಾ ಅಂತ ಕೇಳುವ ಹಕ್ಕು ಕಾವಲುಗಾರನಿಗೆ ಎಲ್ಲಿಂದ ಬಂತು? ಮದುವೆ ಆಗದವರು ಪಾರ್ಕಿನಲ್ಲಿ ಕೂರಬಾರದು ಅಂತ ಯಾವ ಕಾನೂನೂ ಇಲ್ಲ. ಜಗಳ ಮಾಡಬೇಡಿ, ಹೆಸರು ಕೇಳಿ ಬರೆದುಕೊಳ್ಳಿ. ಬೆದರಿಸಿದರೆ ಅಥವಾ ದುಡ್ಡು ಕೇಳಿದರೆ 112.

ಹಿರಿಯ_ನಾಗರಿಕ:
ದುಡ್ಡು ಕೇಳುವುದು ತಪ್ಪು. ಅದನ್ನು ನಾನೂ ಒಪ್ಪುತ್ತೇನೆ. ನಮ್ಮ ಕಾಲದಲ್ಲಿ ನಾವಿಬ್ಬರೂ ಕುಕ್ಕರಹಳ್ಳಿ ಏರಿ ಮೇಲೆ ನಡೆಯುವಾಗ ನಡುವೆ ಮಾರು ದೂರ ಇರುತ್ತಿತ್ತು. ಆಗಲೂ ಯಾರೋ ಮನೆಗೆ ಹೋಗಿ ಚಾಡಿ ಹೇಳಿದ್ದರು ಅನ್ನಿ.

ಮಜ್ಜಿಗೆ_ಮೆಣಸು:
ಅಯ್ಯೋ ಸರ್, ಮದುವೆಗೆ ಮುಂಚೆಯಾ?!

ಹಿರಿಯ_ನಾಗರಿಕ:
ಆ ವಿಷಯ ಇಲ್ಲಿ ಬೇಡ. ಸೊಸೆ ಈ ವೇದಿಕೆ ಓದುತ್ತಾಳೆ.

ಪಾಳಿ_ಮುಗಿದವ:
ವಿಷಯಕ್ಕೆ ಬರೋಣ. ನನಗೆ ಹಕ್ಕಿ, ಮರ ಎಲ್ಲಾ ಇಷ್ಟವೇ. ಆದರೆ ದಾರಿಯಲ್ಲಿ ಒಳ್ಳೆ ದೋಸೆ ಇರಬೇಕು. ಚಿತ್ರಾನ್ನ ಕಟ್ಟಿಕೊಂಡು ಹೋಗುವುದು ಸ್ಕೂಲ್ ಪ್ರವಾಸಕ್ಕೆ ಸರಿ.

ಒಗ್ಗರಣೆ_ಡಬ್ಬಿ:
ಓಹೋ. ಹೋದ ಸಲ ಮಾವಿನಕಾಯಿ ಚಿತ್ರಾನ್ನ ಡಬ್ಬಿ ತಳ ಕೆರೆದವರು ಯಾರು?

ಹಸಿರು_ಬಳೆ:
ಮೇಡಂ, ಒಂದು ಕೆಲಸ ಮಾಡಿ. ಅನ್ನ, ಒಗ್ಗರಣೆ ಎರಡೂ ರಾತ್ರಿಯೇ ಮಾಡಿಟ್ಟುಬಿಡಿ. ಬೆಳಗ್ಗೆ ತುರಿದ ಮಾವಿನಕಾಯಿ ಹಾಕಿ ಕಲಸಿದರೆ ಮುಗಿಯಿತು. ಒಂದು ಬಾಟಲಿ ನೀರುಮಜ್ಜಿಗೆ. ಅವರಿಗೆ ಗೇಟಿನ ಹತ್ತಿರ ನಿಲ್ಲುವ ಕೆಲಸವೇ ಇರುವುದಿಲ್ಲ.

ಲೆಕ್ಕದ_ಮೇಷ್ಟ್ರು:
ರಾತ್ರಿ ಮಾಡಿದ ಅನ್ನ ಈ ಸೆಕೆಗೆ ಹೊರಗಿಟ್ಟರೆ ಹಳಸುತ್ತದೆ. ಫ್ರಿಜ್‌ನಲ್ಲಿ ಇಡಿ. ಅಥವಾ ಆ ಮನುಷ್ಯನೇ ಬೆಳಗ್ಗೆ ಒಂದು ಲೋಟ ಅಕ್ಕಿ ಇಡಲಿ! ಹೆಲ್ಮೆಟ್ ಹಾಕಿಕೊಂಡು ನಿಲ್ಲುವುದು ಒಂದು ಕೆಲಸವೇ?

ಒಗ್ಗರಣೆ_ಡಬ್ಬಿ:
ಮೇಷ್ಟ್ರೇ, ನಿಮ್ಮ ಕಾಲಿಗೆ ನಮಸ್ಕಾರ 🙏

ರಂಗನತಿಟ್ಟು_ರಸಿಕ:
ಇನ್ನೊಂದು ಜಾಗ ಮರೆತಿದ್ದೆವು. ಹದಿನಾರು ಕೆರೆ, ನಂಜನಗೂಡಿನ ಕಡೆ. ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿ ಬರುವ ಹಕ್ಕಿಗಳು. ಆದರೆ ಫೆಬ್ರವರಿ ಮುಗಿಯುವುದರೊಳಗೆ ನೋಡಬೇಕು. ಮಾರ್ಚ್‌ನಲ್ಲಿ ಗಂಟುಮೂಟೆ ಕಟ್ಟುತ್ತವೆ. ಇನ್ನೊಂದು ಕೊಕ್ಕರೆಬೆಳ್ಳೂರು, ಮದ್ದೂರು ತಾಲ್ಲೂಕು. ನಿಮ್ಮ ನಲವತ್ತು ಕಿಲೋಮೀಟರಿನ ಗೆರೆ ದಾಟುತ್ತದೆ, ಆದರೂ ಹೇಳುತ್ತೇನೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲಾ ಊರೊಳಗಿನ ಹುಣಸೆ ಮರದ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಹೆಜ್ಜಾರ್ಲೆ ಮರಿ. ಊರವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಮರದ ಕೆಳಗೆ ಹೋಗುವಾಗ ತಲೆಗೆ ಟೋಪಿ ಇರಲಿ. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ.

ಕಲ್ಲು_ಕೆತ್ತನೆ:
ಸೋಮನಾಥಪುರ ಯಾರೂ ಹೇಳಲೇ ಇಲ್ಲ! ಸುಮಾರು 35 ಕಿಲೋಮೀಟರ್. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಪೂಜೆ ನಡೆಯುವುದಿಲ್ಲ, ಹಾಗಾಗಿ ಮೇಡಂ ಹೇಳಿದ ಕ್ಯೂ ಇಲ್ಲ. ಬೆಳಗ್ಗೆ ಹೋದರೆ ಓರೆಬಿಸಿಲಲ್ಲಿ ಕೆತ್ತನೆಯ ನೆರಳು ಆಳವಾಗಿ ಕಾಣುತ್ತದೆ. ಹನ್ನೊಂದರ ಮೇಲೆ ಹೋದರೆ ಬರಿಗಾಲಲ್ಲಿ ಆ ಕಲ್ಲುಹಾಸಿನ ಮೇಲೆ ಕುಣಿಯಬೇಕಾಗುತ್ತದೆ. ಕಾಲುಚೀಲ ಒಯ್ಯಿರಿ.

ಕೆರೆ_ಏರಿ:
ಹಾಗೇ ಶ್ರೀರಂಗಪಟ್ಟಣದ ಕರಿಘಟ್ಟ. ಚಾಮುಂಡಿ ಬೆಟ್ಟದ ಅರ್ಧದಷ್ಟೂ ಮೆಟ್ಟಿಲಿಲ್ಲ, ಸ್ಕೂಟರ್ ಮೇಲಕ್ಕೇ ಹೋಗುತ್ತದೆ. ಮೇಲಿಂದ ಕಾವೇರಿ, ಲೋಕಪಾವನಿ, ಗದ್ದೆಗಳು ಕಾಣುತ್ತವೆ. ಈ ಕಾಲದಲ್ಲಿ ಹುಲ್ಲು ಒಣಗಿ ಬೆಂಕಿಕಡ್ಡಿಗೆ ಕಾದಿರುತ್ತದೆ. ದಯವಿಟ್ಟು ಬೀಡಿ ಸಿಗರೇಟು ಬೇಡ.

ಮಜ್ಜಿಗೆ_ಮೆಣಸು:
ಕಾವೇರಿ ದಂಡೆಯ ಬಲಮುರಿ? ನೀರಾಟ ಆಡಬಹುದು ಅಲ್ವಾ?

ಮಿನಿಟ್ರಕ್:
ನೋಡಿ ಬನ್ನಿ, ಇಳಿಯಬೇಡಿ. ಮೇಲಿಂದ ಮೊಣಕಾಲು ನೀರು ಅನಿಸುತ್ತದೆ, ಪಕ್ಕದಲ್ಲೇ ಮಡು ಇರುತ್ತದೆ. ಪಾಚಿಗೆ ಕಾಲು ಜಾರಿದರೆ ಮುಗಿಯಿತು. ಪ್ರತಿ ಬೇಸಿಗೆ ಪೇಪರಿನಲ್ಲಿ ಓದುತ್ತಲೇ ಇದ್ದೇವೆ.

ಜೇನುಗೂಡು:
ಬೆಟ್ಟ, ಬಂಡೆ, ಹಳೇ ಕಟ್ಟಡ ಎಲ್ಲಿ ಹೋದರೂ ಮೊದಲು ತಲೆ ಎತ್ತಿ ನೋಡಿ. ಈ ಕಾಲಕ್ಕೆ ಹೆಜ್ಜೇನು ಕಟ್ಟಿರುತ್ತದೆ. ಸೆಂಟ್ ಹಾಕಿಕೊಂಡು ಹೋಗಬೇಡಿ. ಎದ್ದರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ.

ತಬೂಬಿಯಾ_ಫ್ಯಾನ್:
ನೀರಿದ್ದರೆ ಧುಮುಕಬಹುದಲ್ಲ?

ಜೇನುಗೂಡು:
ಬೇಡ. ಮೇಲೆ ಕಾಯುತ್ತಿರುತ್ತವೆ. ಎಷ್ಟು ಹೊತ್ತು ಮುಳುಗಿರುತ್ತೀರಿ?

ಒಗ್ಗರಣೆ_ಡಬ್ಬಿ:
ಎಲ್ಲರಿಗೂ ಧನ್ಯವಾದ. ಈ ಭಾನುವಾರ ರಂಗನತಿಟ್ಟು, ಮೊದಲ ದೋಣಿ. ಅದರ ಮುಂದಿನ ವಾರ ಸೋಮನಾಥಪುರ, ಕಾಲುಚೀಲ ಸಮೇತ. ಬೆಟ್ಟಕ್ಕೆ ಯುಗಾದಿ ಆದ ಮೇಲೆ. @ನೀಲಿ_ಛತ್ರಿ, ನೀವು ಮೈಸೂರಿನವರಾದರೆ ಒಂದು ಭಾನುವಾರ ಇಬ್ಬರೂ ನಮ್ಮ ಜೊತೆ ಬನ್ನಿ. ನಾಲ್ಕು ಜನ ಇದ್ದರೆ ಯಾರೂ ಏನೂ ಕೇಳುವುದಿಲ್ಲ.

ನೀಲಿ_ಛತ್ರಿ:
ಬರುತ್ತೇವೆ ಮೇಡಂ! ಇಡ್ಲಿ ನಮ್ಮದು. ಆದರೆ ಇಬ್ಬರೇ ಹೋದಾಗಲೂ ಯಾರೂ ಕೇಳಬಾರದು, ಅದಾಗಬೇಕು.

ಒಗ್ಗರಣೆ_ಡಬ್ಬಿ:
ಅದೂ ಸರಿಯೇ.

ಪಾಳಿ_ಮುಗಿದವ:
ಇಡ್ಲಿ ಬಂತು ಅಂದಮೇಲೆ ಚಿತ್ರಾನ್ನ ರದ್ದಾ?

ಲೆಕ್ಕದ_ಮೇಷ್ಟ್ರು:
ಅಕ್ಕಿ ಇಡಿ ಅಂದೆನಲ್ಲ ನಿಮಗೆ.

ಹಳೇ_ಸೈಕಲ್:
ರಂಗನತಿಟ್ಟಿನಲ್ಲಿ ಸ್ಕೂಟರ್ ಪಾರ್ಕಿಂಗ್‌ಗೆ ಈಗ ಎಷ್ಟು ತೆಗೆದುಕೊಳ್ಳುತ್ತಾರೆ, ಯಾರಿಗಾದರೂ ಗೊತ್ತಾ? ಚಿಲ್ಲರೆ ಇಟ್ಟುಕೊಂಡು ಹೋಗಿ.